ಬಳ್ಳಿಗಾವೆಯ ಹರಳುಗಳೂ ಅರಗಿನ ಕಡ್ಡಿಯೂ

ಪಂಚಕಲ್ಯಾಣ ಮಹೋತ್ಸವದ ಗರ್ಭಾವತರಣ ಕಲ್ಯಾಣದಲ್ಲಿ ರತ್ನವೃಷ್ಟಿಯ ವಿಧಿ ನಡೆಯುವುದನ್ನು ಶ್ರಾವಕ ಬಂಧುಗಳೆಲ್ಲರೂ ಕಂಡಿದ್ದಾರೆ. ಜಿನಶಿಶು ಮಾತೃಗರ್ಭಕ್ಕೆ ಬರುವ ಆರು ತಿಂಗಳ ಮೊದಲಿನಿಂದ ಜನನದವರೆಗೆ, ಒಟ್ಟು 15 ತಿಂಗಳ ಕಾಲ, ಕುಬೇರನು ರತ್ನಗಳ ಮಳೆಗರೆದನೆಂದು ಪುರಾಣಗಳು ವರ್ಣಿಸುತ್ತವೆ. ದೇವಲೋಕದ ಆ ರತ್ನಗಳು ಸುರಿಯುವಾಗಲೇ ಬೆಳಗುತ್ತಿದ್ದವು. ಮನುಷ್ಯಲೋಕದ ರತ್ನದ ಸ್ಥಿತಿ ಹಾಗಲ್ಲ. ಗಣಿಯಿಂದಲೋ ಹೊಳೆಯ ಮರಳಿನಿಂದಲೋ ಎತ್ತಿದ ಹರಳು ಮೊದಲಿಗೆ ಮಂಕಾದ ಕಲ್ಲುಚೂರಿನಂತೆ ತೋರುತ್ತದೆ. ಅದು ಬೆಳಗಬೇಕಾದರೆ ಸಾಣೆಯ ಮೇಲೆ ತೇಯಬೇಕು. ತೇಯಬೇಕಾದರೆ ಬೆರಳಿಗೆ ನಿಲುಕದಷ್ಟು ಕಿರಿದಾದ ಅದನ್ನು ಗಟ್ಟಿಯಾಗಿ ಹಿಡಿಯಬೇಕು. ಹಿಡಿಯುವುದಕ್ಕೆ ನಮ್ಮ ದೇಶದ ಮಣಿಕಾರರು ಕಂಡುಕೊಂಡ ಉಪಾಯವೇ ಅರಗಿನ ಕಡ್ಡಿ. ಶಿಕಾರಿಪುರ, ಸೊರಬ ಸೀಮೆಯ ಜೈನ ಇತಿಹಾಸವನ್ನು ಬರೆಯುವವರು ಬಸದಿಗಳನ್ನೂ ದಾನಶಾಸನಗಳನ್ನೂ ಎಣಿಸುತ್ತಾರೆ, ಅದು ಸರಿಯೇ. ಈ ಸಣ್ಣ ಕಡ್ಡಿಯ ಕಡೆಗೂ ಒಮ್ಮೆ ನೋಡುವುದು ಯೋಗ್ಯ. ಏಕೆಂದರೆ ಅದರ ತುದಿಯಲ್ಲಿ ಶ್ರಾವಕಧರ್ಮದ ಒಂದು ತೊಡಕಾದ ಪ್ರಶ್ನೆ ಅಂಟಿಕೊಂಡಿದೆ.

ಬನವಾಸಿ ಹನ್ನೆರಡು ಸಾಸಿರದ ರಾಜಧಾನಿಯಾಗಿದ್ದ ಬಳ್ಳಿಗಾವೆಯು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಜೈನರಿಗೂ ನೆಲೆವೀಡಾಗಿತ್ತು. ಜಜಾಹುತಿ ಶಾಂತಿನಾಥ ಬಸದಿಗೆ 1048ರಲ್ಲಿ ಮಹಾಮಂಡಲೇಶ್ವರ ಚಾವುಂಡರಾಯರಸನು ಭೂದಾನ ಮಾಡಿದನು. ‘ಸುಕುಮಾರಚರಿತೆ’ಯನ್ನು ರಚಿಸಿದ ಕವಿ ಶಾಂತಿನಾಥನ ಪ್ರೇರಣೆಯಿಂದ, ಮರದಿಂದ ಕಟ್ಟಲ್ಪಟ್ಟಿದ್ದ ಮಲ್ಲಿಕಾಮೋದ ಶಾಂತಿನಾಥ ಬಸದಿಯು 1068ರಲ್ಲಿ ಶಿಲಾಮಯವಾಯಿತು. ಸಮೀಪದ ಬಂದಳಿಕೆಯು ನಾಗರಖಂಡ ಎಪ್ಪತ್ತನ್ನು ಆಳಿದ ಜಕ್ಕಿಯಬ್ಬೆ ಸಲ್ಲೇಖನದಿಂದ ದೇಹ ತ್ಯಜಿಸಿದ ಪುಣ್ಯಸ್ಥಳ. ಸೊರಬದ ಕಡೆಯ ಕುಪ್ಪಟೂರಿನಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ 1075ರ ಸುಮಾರಿಗೆ ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದಳು. ಇವೆಲ್ಲ ನಮ್ಮ ಸಂಚಿಕೆಗಳಲ್ಲಿ ಮತ್ತೆ ಮತ್ತೆ ಬಂದ ವಿಷಯಗಳಾದುದರಿಂದ ವಿಸ್ತರಿಸುವುದಿಲ್ಲ.

ನಮ್ಮ ವಿಷಯಕ್ಕೆ ಮುಖ್ಯವಾದುದು ಬಳ್ಳಿಗಾವೆಯದೇ ಆದ, ಬಸದಿಗೆ ಸೇರದ ಇನ್ನೊಂದು ಶಾಸನ. 11ನೆಯ ಶತಮಾನದ ನಡುಭಾಗದ ಆ ಶಾಸನವು ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಮೂಹದ ಪ್ರಶಸ್ತಿ. ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳ, ಪಾರಸವೇ ಮೊದಲಾದ ದೇಶಗಳನ್ನು ನೆಲದ ಹಾದಿಯಿಂದಲೂ ನೀರಿನ ಹಾದಿಯಿಂದಲೂ ಸುತ್ತಿದ ಈ ವರ್ತಕರ ಸರಕುಗಳಲ್ಲಿ ಆನೆ ಕುದುರೆಗಳ ಜತೆಗೆ ಇಂದ್ರನೀಲ, ಚಂದ್ರಕಾಂತ, ಮುತ್ತು, ಮಾಣಿಕ್ಯ, ವಜ್ರ, ವೈಡೂರ್ಯ, ಪುಷ್ಯರಾಗ, ಹವಳ, ಮರಕತ, ಕರ್ಕೇತನಗಳನ್ನು ಅದು ಹೆಸರಿಸುತ್ತದೆ. ಈ ಪಟ್ಟಿಯಲ್ಲಿ ಕವಿಸಮಯದ ಅಂಶ ಇಲ್ಲದಿಲ್ಲ. ಆದರೂ ಏಲಕ್ಕಿ, ಲವಂಗ, ಗಂಧ, ಕರ್ಪೂರಗಳೊಡನೆ ಹರಳುಗಳನ್ನೂ ಒಂದೇ ಉಸಿರಿನಲ್ಲಿ ಹೇಳುವ ಊರು ಹರಳಿನ ವ್ಯಾಪಾರವನ್ನು ಕಣ್ಣಾರೆ ಕಂಡ ಊರೇ ಸರಿ. ಪ್ರಶಸ್ತಿಯಲ್ಲಿರುವುದು ವರ್ತಕರ ಕೀರ್ತಿ. ಹರಳನ್ನು ತೇಯ್ದು ಬೆಳಗಿಸಿದವನ ಮಾತು ಅಲ್ಲಿ ಬರುವುದಿಲ್ಲ.

ಅವನ ಕೆಲಸವೇನು? ಖಂಭಾತಿನಿಂದ ಜಯಪುರದವರೆಗೆ ಭಾರತದ ಮಣಿಕಾರರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಕ್ರಮ ಸ್ಥೂಲವಾಗಿ ಹೀಗಿದೆ. ಗೇಣುದ್ದಕ್ಕಿಂತ ಕಿರಿದಾದ ಒಂದು ಮರದ ಕಡ್ಡಿ. ಅದರ ತುದಿಗೆ ಕರಗಿಸಿದ ಅರಗಿನ ಉಂಡೆ. ಬರಿಯ ಅರಗು ಬಿಸಿಗೆ ಬೇಗ ಮೆತ್ತಗಾಗುವುದರಿಂದ ಅದಕ್ಕೆ ರಾಳವನ್ನೋ ನಯವಾದ ಇಟ್ಟಿಗೆಯ ಪುಡಿಯನ್ನೋ ಬೆರೆಸಿ ಬಿಗಿ ಮಾಡುತ್ತಾರೆ. ಅರಗು ಎಷ್ಟೇ ಕಾದಿರಲಿ, ತಣ್ಣನೆಯ ಹರಳಿಗೆ ಅದು ಹಿಡಿಯುವುದಿಲ್ಲ. ಆದುದರಿಂದ ಹರಳನ್ನೂ ಕೆಂಡದ ಬಳಿ ಮೆಲ್ಲನೆ ಬೆಚ್ಚಗೆ ಮಾಡಬೇಕು. ಕೆಲಸದ ಜಾಣತನವೆಲ್ಲ ಇರುವುದು ಇಲ್ಲಿಯೇ. ಕಾವು ಕಡಿಮೆಯಾದರೆ ಹರಳು ಸಾಣೆಯ ಮೇಲೆ ಸಿಡಿದು ಹೋಗುತ್ತದೆ. ಹೆಚ್ಚಾದರೆ ಒಳಗೆ ಬಿರುಕುಗಳಿರುವ ಪಚ್ಚೆ ಸೀಳುತ್ತದೆ. ಮುತ್ತು ಹವಳಗಳು ಬಿಸಿಯನ್ನೇ ಸಹಿಸವು. ಬೆಚ್ಚಗಾದ ಹರಳನ್ನು ಉಂಡೆಯ ನಡುವೆ ನೆಟ್ಟಗೆ ಕೂರಿಸಿ, ಒದ್ದೆ ಬೆರಳಿನಿಂದ ಅರಗನ್ನು ಸುತ್ತಲೂ ಒತ್ತಿ, ಆರುವವರೆಗೆ ಬಿಡುತ್ತಾರೆ. ಹರಳು ಓರೆಯಾಗಿ ಕುಳಿತರೆ ಮುಂದಿನ ಶ್ರಮವೆಲ್ಲವೂ ಓರೆ.

ಆ ಮೇಲೆ ಸಾಣೆ. ಕುರಂದದ ಕಲ್ಲನ್ನು ಪುಡಿಮಾಡಿ ಅರಗಿನೊಡನೆ ಕಲಸಿ ಎರಕಹೊಯ್ದ ಚಕ್ರವದು. ಈ ಕುರಂದ ಹಳೆಯ ಮೈಸೂರು ಸೀಮೆಯಲ್ಲಿಯೂ ದೊರೆಯುತ್ತದೆ. ಮಾಣಿಕ್ಯವೂ ನೀಲವೂ ಅದೇ ಕುರಂದದ ಜಾತಿಯವು. ಆದುದರಿಂದ ಅವನ್ನು ತೇಯುವಾಗ ದಾಯಾದಿಯನ್ನು ದಾಯಾದಿಯಿಂದಲೇ ಸವೆಸಿದಂತೆ ಹೊತ್ತು ಹಿಡಿಯುತ್ತದೆ. ಒಂದು ಕೈಯಿಂದ ಬಿಲ್ಲನ್ನು ಎಳೆದು ಚಕ್ರ ತಿರುಗಿಸುತ್ತ, ಇನ್ನೊಂದು ಕೈಯಿಂದ ಕಡ್ಡಿಯನ್ನು ಒತ್ತುತ್ತ ಕೆಲಸ ಸಾಗುತ್ತದೆ. ಒಂದು ಮುಖ ಮುಗಿದ ಮೇಲೆ ಅರಗನ್ನು ಕಾಯಿಸಿ ಹರಳನ್ನು ಬಿಡಿಸಿ, ಮಗುಚಿ, ಇನ್ನೊಂದು ಕಡ್ಡಿಗೆ ಕೂರಿಸಬೇಕು. ಹಿಡಿಯುವುದೂ ಅರಗು, ತೇಯುವ ಚಕ್ರದ ಬಂಧವೂ ಅರಗು. ಬಳ್ಳಿಗಾವೆಯ ಕಾಲದ ಹರಳುಗಳನ್ನು ಇಂದಿನ ಆಭರಣದಂಗಡಿಯ ಬಹುಮುಖದ ಹರಳುಗಳಂತೆ ಊಹಿಸಿಕೊಳ್ಳಬಾರದು. ಆಗ ಮಣಿಗಳನ್ನು ಗುಂಡಗೋ ಗುಮ್ಮಟದಂತೆಯೋ ನುಣುಪು ಮಾಡುವುದೇ ವಾಡಿಕೆ. ವಜ್ರವನ್ನು ಅದರ ಸಹಜವಾದ ಎಂಟು ಮುಖಗಳೊಡನೆಯೇ ಮೆಚ್ಚುತ್ತಿದ್ದರು.

ಈಗ ತೊಡಕಿನ ವಿಷಯ. ಅರಗು ಮರದ ಅಂಟಲ್ಲ. ನಮ್ಮ ಸೀಮೆಯ ಕಾಡಂಚಿನಲ್ಲಿಯೂ ಕಾಣುವ ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಯ ಕೊಂಬೆಗಳಲ್ಲಿ ನೆಲೆಸುವ ಅತಿ ಸಣ್ಣ ಕೀಟಗಳು ರಸ ಹೀರಿ, ತಮ್ಮ ಮೈಗೆ ಹೊದಿಕೆಯಾಗಿ ಸ್ರವಿಸುವ ವಸ್ತು ಅದು. ಲಕ್ಷಗಟ್ಟಲೆ ಜೀವಿಗಳಿಂದ ಆಗುವುದರಿಂದಲೇ ‘ಲಾಕ್ಷಾ’ ಎಂಬ ಹೆಸರು ಬಂದಿತೆಂದು ಹೇಳುವವರುಂಟು. ‘ಉಪಾಸಕದಶಾಂಗ’ದಲ್ಲಿ ಆನಂದ ಶ್ರಾವಕನ ವ್ರತಗಳ ಪ್ರಸಂಗದಲ್ಲಿ ಬರುವ ಹದಿನೈದು ಕರ್ಮಾದಾನಗಳಲ್ಲಿ ದಂತ, ವಿಷ, ಕೇಶಗಳ ವ್ಯಾಪಾರದೊಡನೆ ಲಾಕ್ಷಾವಾಣಿಜ್ಯವೂ ನಿಷಿದ್ಧವಾಗಿದೆ. ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ಇದನ್ನು ವಿವರಿಸಿದ್ದಾರೆ, ದಿಗಂಬರ ಪಂಡಿತ ಆಶಾಧರನೂ 13ನೆಯ ಶತಮಾನದ ತನ್ನ ‘ಸಾಗಾರಧರ್ಮಾಮೃತ’ದಲ್ಲಿ ಈ ಖರಕರ್ಮಗಳನ್ನು ಎತ್ತಿಕೊಂಡಿದ್ದಾನೆ. ಅರಗನ್ನು ಬಿಟ್ಟು ಜೇನುಮೇಣವನ್ನು ಬಳಸೋಣವೆಂದರೆ ಅಲ್ಲಿಯೂ ಮಧುತ್ಯಾಗದ ಮಾತು ಅಡ್ಡ ಬರುತ್ತದೆ. ರತ್ನದ ಕರಂಡಕವೆಂದೇ ತನ್ನನ್ನು ಕರೆದುಕೊಂಡ ಸಮಂತಭದ್ರರ ಶ್ರಾವಕಾಚಾರವು ಆ ತ್ಯಾಗವನ್ನು ಅಷ್ಟಮೂಲಗುಣಗಳಲ್ಲಿ ಸೇರಿಸಿದೆ.

ರತ್ನಗಳನ್ನು ಮಾರುವುದಕ್ಕೆ ಶಾಸ್ತ್ರದ ತಡೆಯಿಲ್ಲ. ಜೈನರು ಆ ವ್ಯಾಪಾರದಲ್ಲಿ ಖ್ಯಾತರಾದರು. ದೆಹಲಿಯ ಅಲ್ಲಾವುದ್ದೀನ್ ಖಿಲ್ಜಿಯ ಆಡಳಿತದಲ್ಲಿ ಸೇವೆಯಲ್ಲಿದ್ದ ಠಕ್ಕುರ ಫೇರು ಎಂಬ ಜೈನ ಗೃಹಸ್ಥನು 1315ರಲ್ಲಿ ಪ್ರಾಕೃತದಲ್ಲಿ ರತ್ನಪರೀಕ್ಷೆಯ ಗ್ರಂಥವನ್ನೇ ಬರೆದನು. ಹರಳನ್ನು ನೋಡುವ ಕಣ್ಣು ನಮ್ಮದು, ಅರಗಿನ ಕಡ್ಡಿ ಹಿಡಿದ ಕೈ ಬೇರೆಯವರದು. ಆದುದರಿಂದ ದೋಷ ನಮ್ಮದಲ್ಲ ಎಂದು ಕೆಲವರು ಸಮಾಧಾನ ಹೇಳುವುದುಂಟು. ಈ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ತ್ರಸಜೀವಿಗಳ ವಿಷಯದಲ್ಲಿ ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದುದನ್ನು ಒಪ್ಪುವುದು ಈ ಮೂರನ್ನೂ ಸಮಂತಭದ್ರರು ಅಹಿಂಸಾಣುವ್ರತದ ಲಕ್ಷಣದಲ್ಲಿಯೇ ಎಣಿಸಿದ್ದಾರೆ. ಸಂಕಲ್ಪಪೂರ್ವಕವಾದ ಹಿಂಸೆ ಬೇರೆ, ಗೃಹಸ್ಥನ ಉದ್ಯೋಗದಲ್ಲಿ ಒದಗುವ ಹಿಂಸೆ ಬೇರೆ ಎಂಬ ವಿವೇಕವೂ ನಮ್ಮಲ್ಲಿದೆ, ನಿಜ. ಆದರೆ ಉದ್ಯೋಗದ ಹಿಂಸೆಯನ್ನು ಕೂಡ ತಿಳಿದು ಕಡಿಮೆ ಮಾಡಿಕೊಳ್ಳಬೇಕೇ ಹೊರತು ಕಾಣದಂತೆ ಇನ್ನೊಬ್ಬನ ಅಂಗಳಕ್ಕೆ ಸರಿಸಬಾರದು.

ಕಡಿಮೆ ಮಾಡಿಕೊಳ್ಳುವ ದಾರಿ ಅರಗಿನ ಕೃಷಿಯಲ್ಲಿಯೇ ಇದೆ. ಮರಿಗಳು ಹೊರಬೀಳುವ ಮೊದಲೇ ಕೊಂಬೆ ಕಡಿದು ತೆಗೆದ ಅರಗಿನಲ್ಲಿ ತಾಯಿಯೂ ಮರಿಗಳೂ ಕೂಡಿ ಸಾಯುತ್ತವೆ. ಕೆಂಪು ಬಣ್ಣ ಬೇಕಾದವರು ಅದನ್ನೇ ಬಯಸುತ್ತಿದ್ದರು. ಮರಿಗಳು ಹರಿದುಹೋಗಿ ಬೇರೆ ಕೊಂಬೆ ಸೇರಿದ ಮೇಲೆ, ತಾಯಿಕೀಟಗಳು ತಾವಾಗಿ ಸತ್ತುಳಿದ ಗೂಡನ್ನು ಕಿತ್ತು ತೆಗೆಯುವುದು ಇನ್ನೊಂದು ಕ್ರಮ. ಹರಳು ಹಿಡಿಯುವ ಕಡ್ಡಿಗೆ ಬಣ್ಣ ಬೇಕಿಲ್ಲ, ಅಂಟು ಸಾಕು. ಅದಕ್ಕೆ ಈ ಎರಡನೆಯ ಬಗೆಯ ಅರಗೇ ಧಾರಾಳವಾಯಿತು. ಒಮ್ಮೆ ಬಳಸಿದ ಅರಗನ್ನು ಮಣಿಕಾರ ಎಸೆಯುವುದೂ ಇಲ್ಲ. ಕಾಯಿಸಿ ಮುಂದಿನ ಹರಳಿಗೆ ಬಳಸುತ್ತಾನೆ. ಈಚೆಗೆ ಕಾರ್ಖಾನೆಯಲ್ಲಿ ತಯಾರಾದ ಎಪಾಕ್ಸಿ ಅಂಟುಗಳೂ ಕಡ್ಡಿಯ ತುದಿಗೆ ಬಂದಿವೆ. ಕಾವು ತಾಳದ ಹರಳುಗಳಿಗೆ ಅವು ಅನುಕೂಲವೇ.

ಮೂಡುಬಿದಿರೆಯ ಸಿದ್ಧಾಂತ ಬಸದಿಯ ರತ್ನಬಿಂಬಗಳ ದರ್ಶನ ಪಡೆದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಇಂದಿಗೂ ಸ್ಫಟಿಕದ, ಪಚ್ಚೆಯ ಸಣ್ಣ ಬಿಂಬಗಳನ್ನು ಮಾಡಿಸಿ ಪ್ರತಿಷ್ಠೆ ಮಾಡಿಸುವ ಕುಟುಂಬಗಳಿವೆ. ಬಿಂಬದ ಅಳತೆಯನ್ನೂ ಲಾಂಛನವನ್ನೂ ಹರಳಿನ ಜಾತಿಯನ್ನೂ ಗುರುತು ಹಾಕಿ ಕೊಡುವವರು, ಅದನ್ನು ಯಾವ ಅಂಟಿನಲ್ಲಿ ಕೂರಿಸಿ ತೇಯುತ್ತೀರಿ ಎಂಬ ಒಂದು ಮಾತನ್ನೂ ಮಣಿಕಾರನಲ್ಲಿ ಕೇಳಬಹುದು. ಉತ್ತರ ಅವನಿಗೆ ಚೆನ್ನಾಗಿ ತಿಳಿದಿರುತ್ತದೆ.