ಕೇರಿಯ ತೋಟ ಮತ್ತೆ ಚಿಗುರಿದ ಬಗೆ

ಇತಿಹಾಸವನ್ನು ಕೋಟೆ ಕೊತ್ತಲಗಳಲ್ಲಿ ಹುಡುಕುವುದು ವಾಡಿಕೆ. ಆದರೆ ಒಂದು ಕೇರಿಯ ಪುಟ್ಟ ಉದ್ಯಾನಕ್ಕೂ ಇತಿಹಾಸವಿರುತ್ತದೆ. ಅದು ಹಾಳಾಗುವುದಕ್ಕೂ ಮರಳಿ ಚಿಗುರುವುದಕ್ಕೂ ಕಾರಣಗಳಿರುತ್ತವೆ. ಲಂಡನ್ನಿನ ಸದರ್ಕ್ ಪ್ರದೇಶದ ರೆಡ್ ಕ್ರಾಸ್ ಗಾರ್ಡನ್ ಇದಕ್ಕೊಂದು ನಿದರ್ಶನ. ಗಾಯಾಳುಗಳಿಗೆ ನೆರವಾಗುವ ರೆಡ್ ಕ್ರಾಸ್ ಸಂಸ್ಥೆಗೂ ಇದಕ್ಕೂ ಸಂಬಂಧವಿಲ್ಲ. ಪಕ್ಕದ ಬೀದಿಯ ಹೆಸರೇ ತೋಟಕ್ಕೂ ಬಂದಿದೆ.

19ನೆಯ ಶತಮಾನದಲ್ಲಿ ಥೇಮ್ಸ್ ನದಿಯ ದಕ್ಷಿಣ ದಂಡೆಯ ಈ ಭಾಗ ಕಾರ್ಖಾನೆ, ಉಗ್ರಾಣ ಹಾಗೂ ಇಕ್ಕಟ್ಟಾದ ಮನೆಗಳಿಂದ ತುಂಬಿತ್ತು. ಒಂದೇ ಕೋಣೆಯಲ್ಲಿ ಇಡೀ ಸಂಸಾರ ಬದುಕುವುದು ಸಾಮಾನ್ಯವಾಗಿತ್ತು. ಅಕ್ಟೇವಿಯಾ ಹಿಲ್ (1838–1912) ಎಂಬ ಸಮಾಜಸುಧಾರಕಿ 1865ರಲ್ಲಿ, ಚಿಂತಕ ಜಾನ್ ರಸ್ಕಿನ್ ಒದಗಿಸಿದ ಹಣದಿಂದ, ಹಳೆಯ ಮನೆಗಳನ್ನು ದುರಸ್ತಿ ಮಾಡಿಸಿ ಬಡವರಿಗೆ ಬಾಡಿಗೆಗೆ ಕೊಡುವ ಕೆಲಸ ಆರಂಭಿಸಿದ್ದರು. ಚರ್ಚಿನ ಆಸ್ತಿ ನೋಡಿಕೊಳ್ಳುವ ಮಂಡಳಿ 1884ರಲ್ಲಿ ಸದರ್ಕಿನ ಕೆಲವು ಮನೆಗಳ ಉಸ್ತುವಾರಿಯನ್ನೂ ಅವರಿಗೆ ವಹಿಸಿತು. ಬಾಡಿಗೆ ವಸೂಲಿಯಲ್ಲಿ ಆಕೆ ಬಹಳ ಕಟ್ಟುನಿಟ್ಟು. ಆದರೆ ಸೂರು ಒಂದೇ ಸಾಲದು, ದುಡಿದು ದಣಿದವರಿಗೆ ಬಯಲಿನಲ್ಲಿ ಕುಳಿತುಕೊಳ್ಳಲು ಒಂದು ಪಡಸಾಲೆಯೂ ಬೇಕು ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು.

ಹಾಳುಬಿದ್ದ ಕಾಗದದ ಕಾರ್ಖಾನೆಯೊಂದರ ನಿವೇಶನದಲ್ಲಿ 1887ರಲ್ಲಿ ಈ ತೋಟ ರೂಪುಗೊಂಡಿತು. ಹೂವಿನ ಮಡಿಗಳು, ಕೊಳ, ಬ್ಯಾಂಡಿನವರಿಗೊಂದು ಮಂಟಪ, ಸುತ್ತ ಕಾಲುದಾರಿ ಸಿದ್ಧವಾದವು. ಮಗ್ಗುಲಲ್ಲೇ ಪುಟ್ಟ ಮನೆಗಳೂ ಒಂದು ಸಭಾಭವನವೂ ಎದ್ದವು. ಆ ಭವನದಲ್ಲಿ ವಾಲ್ಟರ್ ಕ್ರೇನ್ ಎಂಬ ಕಲಾವಿದ ಚಿತ್ರಿಸಿದ್ದು ರಾಜರನ್ನಲ್ಲ, ಸಾಮಾನ್ಯರ ಸಾಹಸಗಳನ್ನು. 1885ರಲ್ಲಿ ಅದೇ ನೆರೆಯಲ್ಲಿ ಬೆಂಕಿ ಬಿದ್ದಾಗ ತನ್ನ ಅಕ್ಕನ ಮಕ್ಕಳನ್ನು ಕಾಪಾಡಲು ಹೋಗಿ ಪ್ರಾಣ ತೆತ್ತ ಆಲಿಸ್ ಏರ್ಸ್ ಎಂಬ ಯುವತಿಯ ಚಿತ್ರ ಅವುಗಳಲ್ಲಿ ಒಂದು. ಕೇರಿಯ ಜನ ತಮ್ಮವರನ್ನೇ ಇತಿಹಾಸದ ಪಾತ್ರಗಳಾಗಿ ಕಂಡರು.

ಇದೇ ಅಕ್ಟೇವಿಯಾ ಹಿಲ್ 1895ರಲ್ಲಿ ಇಬ್ಬರು ಗೆಳೆಯರೊಡನೆ ನ್ಯಾಷನಲ್ ಟ್ರಸ್ಟ್ ಎಂಬ ಪರಂಪರೆಯ ರಕ್ಷಣಾ ಸಂಸ್ಥೆಯನ್ನು ಸ್ಥಾಪಿಸಿದರು. ಸಂಸ್ಥೆ ದೇಶಾದ್ಯಂತ ಬೆಳೆಯಿತು. ಅವರ ಪುಟ್ಟ ತೋಟದ ಪಾಡು ಬೇರೆಯಾಯಿತು. ಎರಡನೆಯ ಮಹಾಯುದ್ಧದ ನಂತರ ಅದರ ಮೂಲ ವಿನ್ಯಾಸ ಅಳಿಸಿಹೋಯಿತು. ಕೊಳ ಇಲ್ಲವಾಯಿತು, ಹೂದೋಟವಿದ್ದ ಕಡೆ ಬರಿಯ ಹುಲ್ಲು ಉಳಿಯಿತು.  ಆರೈಕೆ ತಪ್ಪಿದರೆ ಸಾಕು, ತೋಟ ತಾನಾಗಿಯೇ ಮರೆಯಾಗುತ್ತದೆ.

ಅದು ಮರಳಿ ಬಂದದ್ದು 21ನೆಯ ಶತಮಾನದಲ್ಲಿ. ಬ್ಯಾಂಕ್‌ಸೈಡ್ ಓಪನ್ ಸ್ಪೇಸಸ್ ಟ್ರಸ್ಟ್ ಎಂಬ ಸ್ಥಳೀಯ ಸೇವಾ ಸಂಸ್ಥೆ ಜೀರ್ಣೋದ್ಧಾರದ ಹೊಣೆ ಹೊತ್ತಿತು. ಹೆರಿಟೇಜ್ ಲಾಟರಿ ಫಂಡ್ ನೆರವು ನೀಡಿತು. ಲಾಟರಿ ಟಿಕೆಟ್ ಕೊಳ್ಳುವ ಲಕ್ಷಾಂತರ ಜನರ ಹಣದ ಒಂದು ಪಾಲಿನಿಂದ ಈ ನಿಧಿ ಕೂಡಿಬರುತ್ತಿತ್ತು. ಬಾಗುವ ಕಾಲುದಾರಿ, ಕೊಳ, ಹೂಮಡಿಗಳು ಹಳೆಯ ವಿನ್ಯಾಸಕ್ಕೆ ಅನುಗುಣವಾಗಿ ಮತ್ತೆ ಮೂಡಿದವು. 2006ರಲ್ಲಿ ತೋಟ ಮತ್ತೊಮ್ಮೆ ಸಾರ್ವಜನಿಕರಿಗೆ ತೆರೆಯಿತು. ಕಳೆ ಕೀಳಲು, ಸಸಿ ನೆಡಲು ಸ್ವಯಂಸೇವಕರು ಕೈಜೋಡಿಸಿದರು.

ಹಣ ಕೂಡಿಸುವುದು ಒಮ್ಮೆ ಮಾಡುವ ಕೆಲಸ. ನೀರೆರೆಯುವುದು ನಿತ್ಯದ ಕೆಲಸ. ರೆಡ್ ಕ್ರಾಸ್ ತೋಟ ಸೊರಗಿದ್ದು ಈ ಎರಡನೆಯದು ತಪ್ಪಿದಾಗ. ಆದುದರಿಂದ ವಿದ್ಯಾರ್ಥಿಗಳು ತಮ್ಮ ಬಡಾವಣೆಯ ಹಳೆಯ ಉದ್ಯಾನದ ಚರಿತ್ರೆ ಬರೆಯಲು ಹೊರಟರೆ, ಅದನ್ನು ಕಟ್ಟಿಸಿದವರು ಯಾರು ಎಂಬ ಪ್ರಶ್ನೆಗೆ ನಿಲ್ಲಬಾರದು. ಇಷ್ಟು ವರ್ಷ ಅದಕ್ಕೆ ನೀರೆರೆದವರು ಯಾರು, ನಾಳೆ ಎರೆಯುವವರು ಯಾರು ಎಂಬುದನ್ನೂ ಕೇಳಬೇಕು.