ಹೊರಗೆ ಹಾಕಿದ ಲೀಗ್‌ಗೇ ವಾಪಸ್ ಬಂದು ಕಪ್ ಎತ್ತಿದವರು: ಮಾರ್ಷಲ್, 1997

ಫ್ರೆಂಡ್ಸ್, ಇವತ್ತಿನ ಇತಿಹಾಸ ಅಮೆರಿಕಾದ ಕಾಲೇಜು ಫುಟ್‌ಬಾಲ್‌ದು. ಮೊದಲೇ ಹೇಳಿಬಿಡ್ತೀನಿ, ಇದು ಮೆಸ್ಸಿ ಆಡೋ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕ್ಕೊಂಡು, ಮೊಟ್ಟೆ ಆಕಾರದ ಚೆಂಡನ್ನ ಕೈಯಲ್ಲಿ ಹಿಡಿದು ಓಡೋ ಆಟ. ನಿಯಮ ಗೊತ್ತಿಲ್ದಿದ್ರೂ ಕಥೆ ಅರ್ಥ ಆಗುತ್ತೆ, ಪೂರ್ತಿ ಓದಿ.

ಭಾಗ 1: ಊರು, ಟೀಮು
ಪಶ್ಚಿಮ ವರ್ಜೀನಿಯಾ ರಾಜ್ಯದಲ್ಲಿ, ಓಹಾಯೋ ನದಿ ದಡದಲ್ಲಿ ಹಂಟಿಂಗ್‌ಟನ್ ಅಂತ ಒಂದು ಊರು. ಅಲ್ಲಿನ ವಿಶ್ವವಿದ್ಯಾಲಯ ಮಾರ್ಷಲ್. ಟೀಮ್ ಹೆಸರು ಥಂಡರಿಂಗ್ ಹರ್ಡ್, ಅಂದ್ರೆ ಗುಡುಗೋ ಹಿಂಡು. ಹೆಸರು ಜೋರು, ಆದ್ರೆ 1960ರ ದಶಕದ ಕೊನೆಯಲ್ಲಿ ಆಟ ತೀರಾ ಸಪ್ಪೆ. ಸತತ 27 ಪಂದ್ಯದಲ್ಲಿ ಒಂದೂ ಗೆಲುವಿಲ್ಲ. ಸಾಲದ್ದಕ್ಕೆ ಆಟಗಾರರನ್ನ ಸೇರಿಸಿಕೊಳ್ಳೋದ್ರಲ್ಲಿ ನಿಯಮ ಮುರಿದ್ರು ಅಂತ 1969ರಲ್ಲಿ ಮಿಡ್ ಅಮೆರಿಕನ್ ಕಾನ್ಫರೆನ್ಸ್ ಇವರನ್ನ ಅಮಾನತು ಮಾಡ್ತು. ಈ ಲೀಗ್ ಹೆಸರು ನೆನಪಿಟ್ಕೊಳ್ಳಿ, ಆಮೇಲೆ ಮತ್ತೆ ಬರುತ್ತೆ.

ಭಾಗ 2: 1970ರ ನವೆಂಬರ್ 14
ಈಸ್ಟ್ ಕ್ಯಾರೊಲಿನಾ ವಿರುದ್ಧ 17-14ರಿಂದ ಸೋತು ಟೀಮ್ ವಿಮಾನದಲ್ಲಿ ವಾಪಸ್ ಬರ್ತಿತ್ತು. ಮಳೆ, ಮಂಜು. ರನ್‌ವೇ ತಲುಪೋ ಮೊದಲೇ ವಿಮಾನ ಗುಡ್ಡಕ್ಕೆ ಬಡಿಯಿತು. ಒಳಗಿದ್ದ 75 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ 37 ಜನ ಆಟಗಾರರು, ನಮ್ಮ ನಿಮ್ಮ ವಯಸ್ಸಿನವರು. ಜೊತೆಗೆ ಕೋಚ್‌ಗಳು, ಊರಿನ ಡಾಕ್ಟರ್‌ಗಳು, ವ್ಯಾಪಾರಸ್ಥರು. ಕೆಲವು ಮಕ್ಕಳು ಒಂದೇ ರಾತ್ರಿಯಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳ್ಕೊಂಡ್ರು.

ಟೀಮ್ ಮುಚ್ಚಿಬಿಡೋಣ ಅನ್ನೋ ಮಾತೂ ಬಂತು. ಮುಚ್ಚಲಿಲ್ಲ. 1971ರಲ್ಲಿ ಹೊಸ ಕೋಚ್ ಜ್ಯಾಕ್ ಲೆಂಗ್ಯೆಲ್ ಫಸ್ಟ್ ಇಯರ್ ಹುಡುಗರನ್ನ ಕಟ್ಕೊಂಡು ಕಣಕ್ಕಿಳಿದ್ರು. ಸೇವಿಯರ್ ವಿರುದ್ಧ ಕೊನೇ ಕ್ಷಣದಲ್ಲಿ 15-13 ಗೆಲುವು. ಆ ವರ್ಷ ಗೆದ್ದಿದ್ದು ಎರಡೇ ಪಂದ್ಯ. ಸೋಲಿಗಿಂತ ಗೆಲುವು ಜಾಸ್ತಿ ಇರೋ ಸೀಸನ್ ನೋಡೋಕೆ 1984ರ ತನಕ ಕಾಯಬೇಕಾಯ್ತು.

ಭಾಗ 3: ಮೇಲಕ್ಕೆ ಹೋಗೋ ಲೆಕ್ಕ
ಆ ಹೊತ್ತಿಗೆ ಮಾರ್ಷಲ್ ಆಡ್ತಿದ್ದದ್ದು ಎರಡನೇ ಸ್ತರದಲ್ಲಿ, ಅಂದ್ರೆ ಡಿವಿಷನ್ ಒನ್ ಡಬಲ್ ಎ. ಅಲ್ಲಿ 1992ರಲ್ಲಿ ಚಾಂಪಿಯನ್, 1996ರಲ್ಲಿ 15ಕ್ಕೆ 15 ಗೆದ್ದು ಮತ್ತೆ ಚಾಂಪಿಯನ್.

ಇಂಗ್ಲಿಷ್ ಫುಟ್‌ಬಾಲ್‌ನಲ್ಲಿ ಕೆಳಗಿನ ಲೀಗ್ ಗೆದ್ದವರು ತಾವಾಗೇ ಮೇಲಕ್ಕೆ ಹೋಗ್ತಾರೆ ಅಲ್ವಾ? ಇಲ್ಲಿ ಹಾಗಿಲ್ಲ. ಕಾಲೇಜೇ ತೀರ್ಮಾನ ಮಾಡ್ಬೇಕು, ದುಡ್ಡು ಹೊಂದಿಸಬೇಕು, ಯಾವುದಾದ್ರೂ ಲೀಗ್ ಸೇರಿಸ್ಕೋಬೇಕು. ಬಿಕಾಂ ಕಣ್ಣಲ್ಲಿ ನೋಡಿ: ಆಗ ಕೆಳಗಿನ ಸ್ತರದಲ್ಲಿ ಸ್ಕಾಲರ್‌ಶಿಪ್ ಮಿತಿ 63 ಇತ್ತು, ಮೇಲೆ 85. ಮಿತಿ ತುಂಬಿಸೋಕೆ ಹೊರಟ್ರೆ 22 ಹುಡುಗರ ಫೀಸು, ಹಾಸ್ಟೆಲ್, ಊಟ ಪ್ರತಿ ವರ್ಷ ಹೆಚ್ಚುವರಿ ಖರ್ಚು. ಗೆದ್ರೂ ಸೋತ್ರೂ ಆ ಖರ್ಚು ತಪ್ಪಲ್ಲ. ಕೆಳಗೆ ರಾಜನಾಗಿ ಇರೋದು ಬಿಟ್ಟು ಮೇಲೆ ಹೋಗಿ ಒದೆ ತಿನ್ನೋದು ಯಾಕೆ ಅನ್ನೋ ಪ್ರಶ್ನೆ ಸುಮ್ಮನೆ ಹುಟ್ಟೋದಲ್ಲ.

ಆದ್ರೂ 1997ರಲ್ಲಿ ಮಾರ್ಷಲ್ ಮೇಲಕ್ಕೆ ಹೋಯ್ತು. ಸೇರಿಕೊಂಡಿದ್ದು ಯಾವ ಲೀಗ್ ಗೊತ್ತಾ? ಅದೇ ಮಿಡ್ ಅಮೆರಿಕನ್ ಕಾನ್ಫರೆನ್ಸ್!

ಭಾಗ 4: ಆ ಸೀಸನ್
ಕೋಚ್ ಬಾಬ್ ಪ್ರೂಯೆಟ್, ಇದೇ ಮಾರ್ಷಲ್‌ನ ಹಳೇ ಆಟಗಾರ. ಚೆಂಡು ಎಸೆಯೋಕೆ ಚಾಡ್ ಪೆನ್ನಿಂಗ್‌ಟನ್, ಹಿಡಿಯೋಕೆ ರ‍್ಯಾಂಡಿ ಮಾಸ್. ಮೊದಲ ಪಂದ್ಯ ಸ್ವಂತ ರಾಜ್ಯದ ದೊಡ್ಡಣ್ಣ ವೆಸ್ಟ್ ವರ್ಜೀನಿಯಾ ವಿರುದ್ಧ, 42-31 ಸೋಲು. ಇಷ್ಟೇ ಇವರ ಯೋಗ್ಯತೆ ಅನ್ನೋರಿಗೆ ಅಷ್ಟು ಸಾಕು. ಆದ್ರೆ ಮುಂದೆ ಆರ್ಮಿ ಟೀಮನ್ನ 35-25ರಿಂದ ಹೊಡೆದ್ರು. ಮಧ್ಯೆ ಓಹಾಯೋದ ಮಯಾಮಿ ಕೈಲಿ 45-21 ಪೆಟ್ಟು ಬಿತ್ತು. ಅದನ್ನೂ ನುಂಗ್ಕೊಂಡು ಫೈನಲ್ ತಲುಪಿದ್ರು.

ಆ ಲೀಗ್‌ನ ಮೊಟ್ಟಮೊದಲ ಚಾಂಪಿಯನ್‌ಶಿಪ್ ಫೈನಲ್ ಅದು. ಡಿಸೆಂಬರ್, ಹಂಟಿಂಗ್‌ಟನ್‌ನಲ್ಲೇ, ಸುರಿಯೋ ಹಿಮದಲ್ಲಿ. ಟೊಲೀಡೊ ವಿರುದ್ಧ 34-14. ಹೊರಗೆ ಹಾಕಿದ್ದ ಲೀಗ್‌ನ ಕಪ್ ವಾಪಸ್ ಬಂದ ಮೊದಲ ವರ್ಷವೇ ಮನೆಗೆ ಬಂತು.

ಕೊನೇ ಪಂದ್ಯ ಮೋಟರ್ ಸಿಟಿ ಬೌಲ್. ಮೊದಲ ಆಟದಲ್ಲೇ ಮಾಸ್ 80 ಗಜದ ಟಚ್‌ಡೌನ್. ಆದ್ರೂ ಮಿಸಿಸಿಪ್ಪಿ ಕೊನೇ ನಿಮಿಷದಲ್ಲಿ 34-31ರಿಂದ ಗೆದ್ದುಬಿಡ್ತು. ಸೀಸನ್ ಲೆಕ್ಕ: 10 ಗೆಲುವು, 3 ಸೋಲು. ಮಾಸ್ ಒಬ್ಬರೇ 26 ಟಚ್‌ಡೌನ್ ಹಿಡಿದು ಹೈಸ್‌ಮನ್ ಪ್ರಶಸ್ತಿ ಮತದಾನದಲ್ಲಿ 4ನೇ ಸ್ಥಾನ ಪಡೆದ್ರು. ಮುಂದಿನ ವರ್ಷ ಮಾಸ್ ಇಲ್ಲದೆಯೂ ಮಾರ್ಷಲ್ ಅದೇ ಬೌಲ್ ಗೆದ್ದಿತು. 1999ರಲ್ಲಿ 13ಕ್ಕೆ 13.

ಭಾಗ 5: ಕಾರಂಜಿ
ಮಾರ್ಷಲ್ ಕ್ಯಾಂಪಸ್‌ನಲ್ಲಿ ಆ 75 ಜನರ ನೆನಪಿಗೆ ಒಂದು ಕಾರಂಜಿ ಇದೆ. ಪ್ರತಿ ನವೆಂಬರ್ 14ಕ್ಕೆ ಅದರ ನೀರು ನಿಲ್ಲಿಸ್ತಾರೆ, ವಸಂತಕ್ಕೆ ಮತ್ತೆ ಬಿಡ್ತಾರೆ. 1997ರ ಗೆಲುವು ಆ ಹುಡುಗರನ್ನ ವಾಪಸ್ ತರಲಿಲ್ಲ, ತರೋಕೂ ಆಗಲ್ಲ. ಆದ್ರೆ 1971ರಲ್ಲಿ ಬರೀ ಎರಡು ಪಂದ್ಯ ಗೆದ್ದ ಆ ಫಸ್ಟ್ ಇಯರ್ ಹುಡುಗರು ಆಡದೇ ಇದ್ದಿದ್ರೆ, ಮೇಲಕ್ಕೆ ಹೋಗೋಕೆ ಒಂದು ಟೀಮೇ ಇರ್ತಿರಲಿಲ್ಲ. ನನಗೆ ಚಾಂಪಿಯನ್‌ಗಳಿಗಿಂತ ಅವರೇ ಜಾಸ್ತಿ ಇಷ್ಟ.

ನೀವಾಗಿದ್ರೆ ಏನ್ ಮಾಡ್ತಿದ್ರಿ? ಕೆಳಗೆ ಗೆಲ್ತಾ ಇರ್ತಿದ್ರಾ, ಮೇಲೆ ಹೋಗ್ತಿದ್ರಾ? ಕಾಮೆಂಟ್‌ನಲ್ಲಿ ಬರೀರಿ, ಜಗಳ ಆಡೋಣ.