ಡಬ್ಬಿಯ ಮೇಲೆ ವಿಷ, ಬಾಯಲ್ಲಿ ಎಣ್ಣೆ

ಮೈಲಾರದ ಸುತ್ತ, ಹೂವಿನಹಡಗಲಿ–ಹರಪನಹಳ್ಳಿ ಸೀಮೆಯ ಹೊಲಗಳಲ್ಲಿ ‘ಕೀಟನಾಶಕ’ ಎಂಬ ಪದ ಅಪರೂಪ. ಮೆಕ್ಕೆಜೋಳಕ್ಕೆ ಹೊಡೆಯುವುದು ‘ಎಣ್ಣೆ’, ಮಲ್ಲಿಗೆ ಮೊಗ್ಗಿಗೆ ಹೊಡೆಯುವುದು ‘ಔಷಧಿ’. ‘ವಿಷ’ ಎನ್ನುವುದು ಡಬ್ಬಿಯ ಮೇಲಿನ ಚೀಟಿ ಮಾತ್ರ. ಆ ಚೀಟಿಗೂ ಒಂದು ಚರಿತ್ರೆಯಿದೆ.

1958ರಲ್ಲಿ ಹಡಗಿನ ಸರಕಿನಲ್ಲಿದ್ದ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿ ಜೊತೆಗಿದ್ದ ಗೋಧಿಹಿಟ್ಟಿಗೆ ತಗುಲಿತು. ಅದನ್ನು ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗದ ವಿಚಾರಣೆಯ ಬೆನ್ನಿಗೆ ಕೀಟನಾಶಕ ಕಾಯ್ದೆ ಬಂದದ್ದು 1968ರಲ್ಲಿ. ಜಾರಿಯಾದದ್ದು 1971ರ ಆಗಸ್ಟ್ 1ರಂದು. ಹದಿಮೂರು ವರ್ಷ!

1971ರ ನಿಯಮಗಳು ಚೀಟಿಗೆ ರೂಪ ಕೊಟ್ಟವು. ಮೂಲೆಯ ಮೇಲೆ ನಿಲ್ಲಿಸಿದ ಚೌಕ, ಅದರಲ್ಲಿ ಎರಡು ತ್ರಿಕೋನ. ಮೇಲಿನದರಲ್ಲಿ ಎಚ್ಚರಿಕೆಯ ಮಾತು, ಕೆಳಗಿನದರಲ್ಲಿ ಬಣ್ಣ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು ಕಿಲೋ ತೂಕಕ್ಕೆ 50 ಮಿಲಿಗ್ರಾಂ ಒಳಗೆ ಸಾಕಾದರೆ ಕೆಂಪು, ಜೊತೆಗೆ ತಲೆಬುರುಡೆ. 500ರವರೆಗೆ ಹಳದಿ, 5000ದವರೆಗೆ ನೀಲಿ, ಅದರಾಚೆ ಹಸಿರು. ಹಿಂದಿ, ಇಂಗ್ಲಿಷ್ ಜೊತೆಗೆ ಒಂದೆರಡು ಪ್ರಾದೇಶಿಕ ಭಾಷೆಗಳಲ್ಲೂ ಅಚ್ಚಾಗಬೇಕು. ಚೌಕಕ್ಕೆ ಚೀಟಿಯ ಹದಿನಾರನೇ ಒಂದು ಪಾಲಾದರೂ ಜಾಗ ಸಿಗಬೇಕು. ನೂರು ಮಿಲಿಲೀಟರ್ ಬಾಟಲಿಯಲ್ಲಿ ಅದು ಹೆಬ್ಬೆರಳ ಉಗುರಿನಷ್ಟು. ಕನ್ನಡದ ಸಾಲು ಎಳ್ಳುಕಾಳಿನಷ್ಟು.

ಈ ಬಣ್ಣ ಹೇಳುವುದು ಕೂಡಲೇ ಕೊಲ್ಲುವ ಗುಣವನ್ನಷ್ಟೇ. ವರ್ಷಗಟ್ಟಲೆ ಮೈಯೊಳಗೆ ನಡೆಯುವ ಹಾನಿಗೆ ಅಲ್ಲಿ ಬಣ್ಣವಿಲ್ಲ. ಕಾಸರಗೋಡಿನ ಕನ್ನಡ ಊರು ಪಡ್ರೆಯ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಕೆಳಗಿದ್ದವರ ಕಣ್ಣಿಗೆ ಬೀಳಲು ಚೀಟಿಯಾದರೂ ಎಲ್ಲಿತ್ತು? ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ತಡೆದದ್ದು 2011ರ ಮೇ ತಿಂಗಳಲ್ಲಿ.

ಕಾರ್ಖಾನೆಯ ಕತೆ ಬೇರೆ. ಭೋಪಾಲದ ದುರಂತವಾಗಿ ಐದು ವರ್ಷಕ್ಕೆ ಬಂದ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು, ಪ್ರತಿ ಪಾತ್ರೆಯ ಮೇಲೂ ಒಳಗಿರುವುದೇನು, ತಯಾರಕರು ಯಾರು, ವಿಷಗುಣವೇನು ಎಂದು ಬರೆಯಬೇಕೆಂದವು. ಪಾತ್ರೆ ಚಿಕ್ಕದಾಗಿ ಚೀಟಿ ಅಂಟದಿದ್ದರೆ ಬಿಲ್ಲೆ ಕಟ್ಟುವ ದಾರಿಯನ್ನೂ ತೋರಿಸಿದವು. ಆದರೆ ಆ ನಿಯಮಗಳು ಕೈಗಾರಿಕಾ ಚಟುವಟಿಕೆಗೆ. ಹೊಲವೂ ದುಡಿಯುವ ಜಾಗವೇ ಎಂಬುದು ಅವುಗಳ ಲೆಕ್ಕಕ್ಕೆ ಬರಲಿಲ್ಲ. ನನ್ನ ಮಟ್ಟಿಗೆ ಇಡೀ ಚರಿತ್ರೆಯ ದೊಡ್ಡ ಲೋಪ ಇದೇ.

ಏಕೆಂದರೆ ಡಬ್ಬಿಯಿಂದ ಎಣ್ಣೆ ಹಳೆಯ ನೀರಿನ ಬಾಟಲಿಗೆ ಬಿದ್ದ ಕ್ಷಣ ಚೀಟಿ ಹಿಂದೆ ಉಳಿಯುತ್ತದೆ. ಪಕ್ಕದ ಹೊಲದವನಿಗೆ ಎರವಲು ಹೋಗುವುದು ಆ ಬಾಟಲಿ. ಅಳತೆ, ಬೆನ್ನಿನ ಪಂಪಿಗೆ ಇಷ್ಟು ಮುಚ್ಚಳ ಎಂಬ ಬಾಯಿಲೆಕ್ಕ. ಖಾಲಿ ಡಬ್ಬಿಯನ್ನು ಮತ್ತೆ ಬಳಸದಂತೆ ಒಡೆದು, ಊರಾಚೆ ಹೂಳಬೇಕೆಂದು 1971ರ ನಿಯಮ 44 ಹೇಳುತ್ತದೆ. ಅದರ ಜೊತೆಗೆ, ಬಗ್ಗಿಸಿಕೊಂಡ ಬಾಟಲಿಗೂ ಒಂದು ಚೀಟಿ ಕಟ್ಟಿ, ಅದರ ಮೇಲೆ ‘ಎಣ್ಣೆ’ ಅಂತಲ್ಲ, ‘ವಿಷ’ ಅಂತಲೇ ಬರೆಯಿರಿ.